ಗುಡ್ಡ ಜಾರಿದ ಊರಿಗೊಂದು ಹಾಡು

ಕನ್ನಡದಲ್ಲಿ ಕ್ರೈಸ್ತ ಭಕ್ತಿಗೀತೆ ಬರೆದು, ರಾಗ ಹಾಕಿ, ರೆಕಾರ್ಡ್ ಮಾಡಿ, ಜನ ಹಾಡುವ ಮಟ್ಟಕ್ಕೆ ತರುವುದು ಹೇಗೆ ಅಂತ ನಮ್ಮ ಕಡೆಯ ಕ್ವಾಯರ್ ಹುಡುಗರು ಆಗಾಗ ಕೇಳುತ್ತಾರೆ. ನಾನು ಕೊಡಗಿನ ಸಿದ್ದಾಪುರದ ಕಡೆ ಕಾಫಿ ಎಸ್ಟೇಟೊಂದರಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವ ಗುಮಾಸ್ತನ ಕೆಲಸದಲ್ಲಿರುವವನು. ಬೆಳಿಗ್ಗೆ ಕೆಲಸಗಾರರ ಹಾಜರಿಯ ಚೆಕ್‌ರೋಲ್, ಸಂಜೆ ತೂಕದ ಲೆಕ್ಕ, ಭಾನುವಾರ ಚರ್ಚಿನಲ್ಲಿ ಕೀಬೋರ್ಡ್. ಸಂಗೀತ ನನಗೆ ಹೊಟ್ಟೆಪಾಡಿನ ಕಸುಬಲ್ಲ. ಆದರೂ ಒಂದು ಹಾಡನ್ನು ಮೊದಲ ಸಾಲಿನಿಂದ ಹಿಡಿದು ಊರೂರಿನ ಬಾಯಿಗೆ ಬರುವವರೆಗೆ ಹಿಂಬಾಲಿಸಿದ್ದೇನೆ. ಆ ದಾರಿಯಲ್ಲಿ ಕಂಡದ್ದನ್ನು ಇಲ್ಲಿ ಬರೆದಿಡುತ್ತೇನೆ.

ಹಾಡು ಹುಟ್ಟಿದ್ದು 2018ರ ಆಗಸ್ಟಿನಲ್ಲಿ. ಮಕ್ಕಂದೂರು, ಕಾಲೂರು, ಹಟ್ಟಿಹೊಳೆ, ಜೋಡುಪಾಲದ ಕಡೆ ಗುಡ್ಡಗಳು ತೋಟ, ಮನೆ, ರಸ್ತೆಗಳನ್ನು ಹೊತ್ತುಕೊಂಡೇ ಕೆಳಕ್ಕೆ ಬಂದಿದ್ದವು. ಮಡಿಕೇರಿಯಿಂದ ಮಂಗಳೂರಿಗೆ ಹೋಗುವ ದಾರಿ ಕಡಿದುಹೋಗಿತ್ತು. ಶಾಲೆ, ಕಲ್ಯಾಣ ಮಂಟಪ, ಚರ್ಚ್ ಹಾಲ್ ಎಲ್ಲ ಕಡೆ ಪರಿಹಾರ ಶಿಬಿರಗಳು. ನಮ್ಮ ಧರ್ಮಕೇಂದ್ರದವರು, ಅಂದರೆ ನಮ್ಮ ಚರ್ಚಿಗೆ ಸೇರಿದವರು, ಅಕ್ಕಿ, ಕಂಬಳಿ, ಒಣಬಟ್ಟೆ ಕಟ್ಟಿಕೊಂಡು ಸುಂಟಿಕೊಪ್ಪದ ಕಡೆ ಹೋದಾಗ ನಾನೂ ಜೀಪು ಹತ್ತಿದ್ದೆ. ಸಂಜೆ ಶಿಬಿರದ ಮೂಲೆಯಲ್ಲಿ ಚಿಕ್ಕ ಪ್ರಾರ್ಥನೆ ಆಯಿತು. ಯಾರೋ 121ನೇ ಕೀರ್ತನೆ ಓದಿದರು. ಬೆಟ್ಟಗಳ ಕಡೆ ಕಣ್ಣೆತ್ತಿ, ನನಗೆ ನೆರವು ಎಲ್ಲಿಂದ ಬಂದೀತು ಎಂದು ಕೇಳುವ ಕೀರ್ತನೆ ಅದು. ನಮ್ಮಲ್ಲಿ ಹೊಸ ಮನೆ ಹೊಕ್ಕರೆ ಅದನ್ನೇ ಓದುತ್ತೇವೆ, ಮಕ್ಕಳು ದೂರದೂರಿಗೆ ಹೊರಟರೆ ಅದನ್ನೇ ಓದುತ್ತೇವೆ. ಮುಂದೆ ಚಾಪೆಯ ಮೇಲೆ ಕೂತಿದ್ದ ಒಬ್ಬ ಅಕ್ಕ ತಲೆ ಎತ್ತಿ, "ಯಾವ ಬೆಟ್ಟ ನೋಡ್ಲಿ ಫಾದರ್?" ಎಂದರು. ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ನಿಜವಾಗಿಯೂ ಕೇಳಿದ್ದರು. ಆಕೆಯ ಮನೆ ಇದ್ದ ಜಾಗಕ್ಕೆ ಬಂದದ್ದೇ ಬೆಟ್ಟ.

ಫಾದರ್ ಆ ಕ್ಷಣದಲ್ಲಿ ಏನೂ ಹೇಳದೆ ಆಕೆಯ ಪಕ್ಕ ಹೋಗಿ ಕೂತರು. ಅದೇ ಸರಿಯಾದ ಉತ್ತರ ಎಂದು ನನಗೆ ಈಗಲೂ ಅನ್ನಿಸುತ್ತದೆ. ಆಮೇಲೆ ಕ್ವಾಯರ್‌ನವರಾದ ನಮಗೆ ಹಾಡಲು ಹೇಳಿದರು. ನಮ್ಮ ಪುಸ್ತಕ ತಿರುವಿದರೆ ಸಿಕ್ಕಿದ್ದೆಲ್ಲ ಜಯದ ಹಾಡು, ಆನಂದದ ಹಾಡು, ಚಪ್ಪಾಳೆಯ ಹಾಡು. ಬೈಬಲ್ಲಿನ 150 ಕೀರ್ತನೆಗಳಲ್ಲಿ ಮೂರನೇ ಒಂದು ಪಾಲಿನಷ್ಟು ಅಳಲಿನ ಕೀರ್ತನೆಗಳೇ. ಎಲ್ಲಿದ್ದೀಯ, ಯಾಕೆ ಮೌನ, ಇನ್ನೆಷ್ಟು ಕಾಲ ಎಂದು ದೇವರನ್ನು ನೇರವಾಗಿ ಕೇಳುವಂಥವು. ಅದರ ಒಂದು ಹನಿಯೂ ನಮ್ಮ ಹಾಡಿನ ಪುಸ್ತಕಕ್ಕೆ ಇಳಿದಿಲ್ಲ. ಅವತ್ತು ಮರಿಯ ಮಾತೆಯ ಒಂದು ಹಾಡನ್ನು ಮೆಲ್ಲಗೆ ಹಾಡಿ ಬಂದೆವು. ವಾಪಸು ಬರುವಾಗ ಜೀಪಿನಲ್ಲಿ ನನ್ನ ತಲೆಯೊಳಗೆ ಒಂದೇ ವಿಚಾರ: ಈ ಅಕ್ಕ ಹಾಡಬಹುದಾದ ಹಾಡು ಹೇಗಿರಬೇಕು?

ಬರೆಯಲು ಕೂತಾಗ ಮೊದಲು ತಿಳಿದ ಸಂಗತಿ ಇದು: ಓದುವ ಕವಿತೆ ಬೇರೆ, ಸಭೆ ಹಾಡುವ ಹಾಡು ಬೇರೆ. ಕವಿತೆಯ ಸಾಲು ಅರ್ಥವಾಗದಿದ್ದರೆ ಹಿಂದಕ್ಕೆ ಹೋಗಿ ಇನ್ನೊಮ್ಮೆ ಓದಬಹುದು. ಹಾಡಿನ ಸಾಲು ಬಾಯಿಂದ ದಾಟಿಹೋದರೆ ಹೋಯಿತು. ನಮ್ಮ ಚರ್ಚಿನ ಬೆಂಚುಗಳಲ್ಲಿ ಕೂರುವವರ ಮನೆಮಾತು ತಮಿಳು, ಮಲಯಾಳ, ಕೊಂಕಣಿ, ತುಳು, ಕನ್ನಡ. ಲೈನ್ ಮನೆಗಳಲ್ಲಿ, ಅಂದರೆ ಎಸ್ಟೇಟಿನ ಕೆಲಸಗಾರರ ಸಾಲುಮನೆಗಳಲ್ಲಿ, ಹುಟ್ಟಿ ಬೆಳೆದವರಿಗೆ ಎಲ್ಲರನ್ನೂ ಒಟ್ಟಿಗೆ ಹಿಡಿಯುವ ಭಾಷೆ ಕನ್ನಡವೇ. ಆದರೆ ಅದು ಅಂಗಡಿ, ಬಸ್ಸು, ತೋಟದ ಕನ್ನಡ. ನಾನು ಮೊದಲು ಬರೆದದ್ದರಲ್ಲಿ ಪುಸ್ತಕದ ಶಬ್ದಗಳೇ ತುಂಬಿದ್ದವು. ಅವನ್ನೆಲ್ಲ ತೆಗೆದು, ಬೆಟ್ಟ, ಹೊಳೆ, ಕೈ, ಮುಖ, ಮಣ್ಣು, ಬೀಗ ಇಂಥವನ್ನಷ್ಟೇ ಉಳಿಸಿಕೊಂಡೆ.

ಬೀಗ ಅಂದೆನಲ್ಲ, ಅದರ ಕಥೆ ಹೇಳಬೇಕು. ಶಿಬಿರದಲ್ಲಿ ಪ್ರಶ್ನೆ ಕೇಳಿದ ಅಕ್ಕ ಸೆರಗಿನ ತುದಿಯಲ್ಲಿ ಮನೆಯ ಬೀಗದ ಕೈ ಕಟ್ಟಿಕೊಂಡಿದ್ದರು. ಮನೆ ಇಲ್ಲ, ಬಾಗಿಲಿಲ್ಲ, ಬೀಗವೂ ಇಲ್ಲ. ಕೈ ಮಾತ್ರ ಇತ್ತು. ಅದನ್ನು ಹಾಡಿಗೆ ತರಬೇಕು ಅನ್ನಿಸಿತು, ಆದರೆ ಕೇಳದೆ ತರುವುದು ಹೇಗೆ? ಇನ್ನೊಬ್ಬರ ನೋವಿನಿಂದ ಒಂದು ಸಾಲು ತೆಗೆದುಕೊಳ್ಳುವ ಮುಂಚೆ ಅವರನ್ನು ಕೇಳಬೇಕು. ಇದರಲ್ಲಿ ನನಗೆ ಎರಡು ಮಾತಿಲ್ಲ. ಮುಂದೆ ಜಂಬೂರಿನಲ್ಲಿ ಸಂತ್ರಸ್ತರಿಗಾಗಿ ಕಟ್ಟಿದ ಮನೆಗಳಲ್ಲೊಂದಕ್ಕೆ ಆಕೆ ಹೋದ ಮೇಲೆ ಹುಡುಕಿಕೊಂಡು ಹೋಗಿ ಕೇಳಿದೆ. ಚಹಾ ಕೊಟ್ಟರು, ಸುಮಾರು ಹೊತ್ತು ಸುಮ್ಮನಿದ್ದರು. ನಂತರ, "ಬರಿ ತಮ್ಮ. ನನ್ನ ಹೆಸರು ಹಾಕ್ಬೇಡ. ಇನ್ನೊಂದು, ಅಳಿಸೋ ಹಾಗೆ ಮಾಡ್ಬೇಡ. ಅತ್ತಾಗಿದೆ ನಾವು" ಎಂದರು. ಆಕೆ ಹಾಕಿದ ಈ ಎರಡು ಷರತ್ತು ಮುಂದೆ ರಾಗ ಹಾಕುವಾಗಲೂ ಸ್ಟುಡಿಯೊದಲ್ಲೂ ನನ್ನನ್ನು ಕಾಪಾಡಿದವು.

ಅಳಲಿದ್ದೂ ಅಳಿಸದ ಸಾಲು ಸಿಕ್ಕಿದ್ದು ಯೆಶಾಯನ ಗ್ರಂಥದಲ್ಲಿ. ಅದರ 54ನೇ ಅಧ್ಯಾಯದಲ್ಲಿ ದೇವರು ಬೆಟ್ಟಗಳು ಸರಿಯುವುದಿಲ್ಲ ಎಂದು ಹೇಳುವುದೇ ಇಲ್ಲ. ಬೆಟ್ಟಗಳು ಸರಿದಾವು, ಗುಡ್ಡಗಳು ಕದಲಾವು ಎಂದು ಒಪ್ಪಿಕೊಂಡೇ, ನನ್ನ ಪ್ರೀತಿ ಮಾತ್ರ ನಿನ್ನಿಂದ ಸರಿಯದು ಎನ್ನುತ್ತಾನೆ. ಎಷ್ಟೋ ಸಲ ಕೇಳಿದ್ದ ಮಾತು, 2018ರ ನಂತರ ಅದನ್ನು ಓದಿದಾಗ ಮೈ ಜುಮ್ಮೆಂದಿತು. ಹಾಗೆ ಪಲ್ಲವಿ ಬಂತು:

ಬೆಟ್ಟ ಜಾರಿದರೂ ನಿನ್ನ ಕೈ ಜಾರದು
ಹೊಳೆಯು ತಿರುಗಿದರೂ ನಿನ್ನ ಮುಖ ತಿರುಗದು

ಮೊದಲ ಚರಣ:

ಅಂಗಳವಿದ್ದಲ್ಲಿ ಮಣ್ಣಷ್ಟೆ ಉಳಿಯಿತು
ಬೀಗದ ಕೈಯೊಂದು ಸೆರಗಲ್ಲಿ ಉಳಿಯಿತು

ಒಂದೊಂದು ಸಾಲಿಗೂ 18 ಮಾತ್ರೆ, ಅಂದರೆ ಅಕ್ಷರ ಹೇಳಲು ಹಿಡಿಯುವ ಕಾಲದ ಅಳತೆ. ಇದನ್ನು ಹೇಳುವುದು ಹೆಚ್ಚುಗಾರಿಕೆಗಲ್ಲ. ಸಾಲುಗಳ ಅಳತೆ ಸರಿಯಿಲ್ಲದಿದ್ದರೆ ಒಂದು ಚರಣಕ್ಕೆ ಹೊಂದಿದ ರಾಗ ಇನ್ನೊಂದಕ್ಕೆ ಹೊಂದುವುದಿಲ್ಲ, ಜನ ಎಲ್ಲಿ ಎಳೆಯಬೇಕು ಎಲ್ಲಿ ನುಂಗಬೇಕು ಎಂದು ತಿಳಿಯದೆ ನಿಂತುಬಿಡುತ್ತಾರೆ. ನಮ್ಮ ಹಳೆಯ ಎಷ್ಟೋ ಹಾಡುಗಳಲ್ಲಿ ಈ ತೊಡಕಿದೆ. ಪಾಶ್ಚಾತ್ಯ ರಾಗಕ್ಕೆ ಕನ್ನಡ ಪದ ತುರುಕಿದಾಗ ಗಿಡ್ಡ ಅಕ್ಷರದ ಮೇಲೆ ಉದ್ದ ಸ್ವರ ಬೀಳುತ್ತದೆ, ಉದ್ದ ಅಕ್ಷರ ಓಡಿಹೋಗುತ್ತದೆ.

ಈ ವಿಚಾರದಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಪ್ರಚಾರಕ ಸಂಸ್ಥೆಯ ಹಿರಿಯರು ನಮಗಿಂತ ಎಚ್ಚರದಿಂದಿದ್ದರು. ಹರ್ಮನ್ ಮೋಗ್ಲಿಂಗ್ 1843ರಲ್ಲಿ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ ಹೊರಡಿಸಿದವರು. ಮುಂದಿನ ದಶಕದಲ್ಲಿ ಕೊಡಗಿಗೆ ಬಂದು ಕೆಲಸ ಮಾಡಿದರು. ನಮ್ಮ ಅಮ್ಮತ್ತಿ ಹತ್ತಿರದ ಆನಂದಪುರ ಅವರ ಕಾಲದ ನೆಲೆ. ಅವರ ಜೊತೆಯ ಫರ್ಡಿನೆಂಡ್ ಕಿಟ್ಟೆಲ್ ಎಂದರೆ ಎಲ್ಲರಿಗೂ 1894ರ ನಿಘಂಟು ನೆನಪಾಗುತ್ತದೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಅವರು 1875ರಲ್ಲಿ ನಾಗವರ್ಮನ ಛಂದೋಗ್ರಂಥವನ್ನು ಸಂಪಾದಿಸಿ ಅಚ್ಚು ಹಾಕಿಸಿದ್ದು, ಯೇಸುವಿನ ಬದುಕನ್ನು ಕನ್ನಡದ ಛಂದಸ್ಸಿನಲ್ಲೇ ಕಟ್ಟಿದ್ದು. ಜರ್ಮನಿಯಿಂದ ಬಂದವರು ಕನ್ನಡದ ಲಘು ಗುರು ಕಲಿತು ದೇವರನ್ನು ಹೊಗಳಿದರು. ಇಲ್ಲೇ ಹುಟ್ಟಿದ ನಮಗೆ ಅಷ್ಟು ಶ್ರದ್ಧೆ ಬೇಡವೇ?

ರಾಗದ ಕೆಲಸದ ಮಧ್ಯೆ ಇನ್ನೊಬ್ಬರು ನನ್ನ ಬದುಕಿಗೆ ಬಂದರು. ನಮ್ಮ ಧರ್ಮಕೇಂದ್ರಕ್ಕೆ ಪಾದ್ರಿಯಾಗಲು ಓದುವ ಗುರುಮಠದಿಂದ ಬಂದಿದ್ದ ಬ್ರದರ್ ಒಬ್ಬರು ನನ್ನ ಸಾಲುಗಳನ್ನು ಓದಿ, "ಅಣ್ಣ, ನೀವು ರಿಚ್ ಮಲಿನ್ಸ್ ಬಗ್ಗೆ ತಿಳ್ಕೊಳ್ಬೇಕು" ಎಂದು ಹೇಳಿ ಫೋನಿನಲ್ಲಿ ಕೆಲವು ಹಾಡು ಕೇಳಿಸಿದರು. ಅಮೆರಿಕದ ಇಂಡಿಯಾನ ರಾಜ್ಯದ ರಿಚ್ಮಂಡ್‌ನಲ್ಲಿ 1955ರಲ್ಲಿ ಹುಟ್ಟಿದ ಹಾಡುಗಾರ. ಅಪ್ಪ ಮರಗಿಡ ಬೆಳೆಸುವ ಕೃಷಿಕ. ಹುಡುಗ ಪಿಯಾನೊ ಹಿಡಿದ. 1982ರಲ್ಲಿ ಏಮಿ ಗ್ರಾಂಟ್ ಎಂಬ ಪ್ರಸಿದ್ಧ ಗಾಯಕಿ ಅವರ ಒಂದು ಹಾಡನ್ನು ತಮ್ಮ ಆಲ್ಬಮ್ಮಿನಲ್ಲಿ ಹಾಡಿದ ಮೇಲೆ ಬರಹಗಾರನಾಗಿ ಹೆಸರು ಬಂತು. 1986ರಲ್ಲಿ ತಮ್ಮದೇ ಮೊದಲ ಆಲ್ಬಮ್. 1988ರಲ್ಲಿ ಬಂದ ಒಂದು ಆರಾಧನಾ ಗೀತೆ ಅಮೆರಿಕದ ಚರ್ಚು ಚರ್ಚುಗಳಲ್ಲಿ ಮೊಳಗಿತು. ಗಿಟಾರು, ಪಿಯಾನೊ ಜೊತೆಗೆ ಡಲ್ಸಿಮರ್ ಎಂಬ, ಸಣ್ಣ ಕೋಲುಗಳಿಂದ ತಂತಿ ಬಡಿಯುವ ವಾದ್ಯವನ್ನೂ ನುಡಿಸುತ್ತಿದ್ದರು. ನಮ್ಮ ಸಂತೂರಿನ ಜಾತಿಯದು.

ಹಾಡು ಚೆನ್ನಾಗಿದ್ದವು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರ ಬದುಕು. ಹಾಡಿನಿಂದ ಬಂದ ದುಡ್ಡು ಅವರ ಕೈಗೆ ನೇರವಾಗಿ ಬರುತ್ತಿರಲಿಲ್ಲ. ಲೆಕ್ಕ ನೋಡುವ ಹಿರಿಯರಿಗೆ ಹೇಳಿ, ಅಮೆರಿಕದ ಸಾಮಾನ್ಯ ದುಡಿಮೆಗಾರನೊಬ್ಬನ ಸಂಬಳ ಎಷ್ಟೋ ಅಷ್ಟನ್ನು ಮಾತ್ರ ತೆಗೆದುಕೊಂಡು ಉಳಿದದ್ದು ದಾನಕ್ಕೆ ಹೋಗುವಂತೆ ಮಾಡಿದ್ದರು. ತಮ್ಮ ಹೆಸರಿಗೆ ಒಟ್ಟು ಎಷ್ಟು ಬಂತು ಎಂಬುದನ್ನು ತಿಳಿಯಲೂ ಬಯಸಲಿಲ್ಲ. ಹೆಸರು ಮಾಡಿದ ಮೇಲೂ ಕಾಲೇಜಿಗೆ ಸೇರಿ ಸಂಗೀತ ಶಿಕ್ಷಣದ ಪದವಿ ಪಡೆದು, 1995ರಲ್ಲಿ ನವಾಹೊ ಬುಡಕಟ್ಟಿನ ಜನರ ನಾಡಿಗೆ ಹೋಗಿ ಅಲ್ಲಿನ ಮಕ್ಕಳಿಗೆ ಸಂಗೀತ ಕಲಿಸುತ್ತಾ ನೆಲೆಸಿದರು. 1997ರ ಸೆಪ್ಟೆಂಬರ್ 19ರಂದು ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ 41 ವರ್ಷ. ಅದಕ್ಕೆ ಕೆಲವೇ ದಿನ ಮುಂಚೆ, ಪಾಳುಬಿದ್ದ ಒಂದು ಚರ್ಚಿನಲ್ಲಿ ಕೂತು, ಯೇಸುವಿನ ಬಗ್ಗೆ ತಾವು ಬರೆದಿದ್ದ ಹೊಸ ಹಾಡುಗಳನ್ನು ಸಾಧಾರಣ ಕ್ಯಾಸೆಟ್ ರೆಕಾರ್ಡರಿನಲ್ಲಿ ಹಾಡಿಟ್ಟಿದ್ದರು. ಗೆಳೆಯರು ಆ ಹಾಡುಗಳನ್ನು ಮತ್ತೆ ಹಾಡಿ, ಆ ಕ್ಯಾಸೆಟ್ಟಿನ ಧ್ವನಿಯನ್ನೂ ಸೇರಿಸಿ, 1998ರಲ್ಲಿ ಹೊರತಂದರು.

ಆ ಕ್ಯಾಸೆಟ್ಟಿನ ಹಾಡು ನಾನು ಕೇಳಿದ್ದೇನೆ. ಅದರಲ್ಲಿ ಸ್ಟುಡಿಯೊದ ಹೊಳಪಿಲ್ಲ. ಕೋಣೆಯ ಗುಂಯ್‌ಗುಡುವಿಕೆ ಇದೆ, ಧ್ವನಿ ಅಲ್ಲಲ್ಲಿ ಒರಟಾಗುತ್ತದೆ. ಆದರೆ ಹಾಡುವವನು ಯಾರಿಗೆ ಹಾಡುತ್ತಿದ್ದಾನೆ ಎಂಬುದರಲ್ಲಿ ಅನುಮಾನವೇ ಉಳಿಯುವುದಿಲ್ಲ. ಎಸ್ಟೇಟಿನ ಲೈನ್ ಮನೆಯ ಜಗಲಿಯಲ್ಲಿ ಕೂತು ಫೋನಿಗೆ ಗುನುಗುತ್ತಿದ್ದ ನನಗೆ ಅದು ದೊಡ್ಡ ಧೈರ್ಯ ಕೊಟ್ಟಿತು.

ರಾಗದ ವಿಚಾರಕ್ಕೆ ಬರುತ್ತೇನೆ. ಸಾಹಿತ್ಯದಲ್ಲಿ ದುಃಖವಿದೆ, ಆದ್ದರಿಂದ ದುಃಖದ ರಾಗ ಎಂದು ಮೊದಲು ಶಿವರಂಜಿನಿ ಹಿಡಿದೆ. ಹಾಡಿ ನೋಡಿದರೆ ಅಕ್ಕ ಹೇಳಿದ ಮಾತಿಗೆ ಅದು ಎದುರು ನಿಂತಿತ್ತು. ಬರೀ ಅಳಿಸುತ್ತಿತ್ತು. ಮೋಹನಕ್ಕೆ ತಂದರೆ ನೋವೇ ಇಲ್ಲದ ಹಾಗೆ ಹಗುರಾಯಿತು. ಕೊನೆಗೆ ಎರಡನ್ನೂ ಇಟ್ಟುಕೊಂಡೆ. ಎರಡಕ್ಕೂ ಐದೇ ಸ್ವರ: ಸ ರಿ ಗ ಪ ದ. ಮೋಹನದ ಅಂತರ ಗಾಂಧಾರವನ್ನು ಒಂದು ಮೆಟ್ಟಿಲು ಇಳಿಸಿ ಸಾಧಾರಣ ಗಾಂಧಾರ ಮಾಡಿದರೆ ಅದೇ ಶಿವರಂಜಿನಿ. ಉಳಿದ ನಾಲ್ಕು ಸ್ವರ ಅಲ್ಲಾಡುವುದಿಲ್ಲ. ಚರಣವನ್ನು ಶಿವರಂಜಿನಿಯಲ್ಲಿ ನಡೆಸಿ, ಪಲ್ಲವಿಗೆ ಬರುವಾಗ ಗಾಂಧಾರ ಮೇಲೆದ್ದು ಮೋಹನವಾಗುವಂತೆ ಕಟ್ಟಿದೆ. ಆ ಒಂದು ಸ್ವರ ಏಳುವ ಜಾಗದಲ್ಲಿ ನನಗೆ ಇವತ್ತೂ ಗಂಟಲು ಕಟ್ಟುತ್ತದೆ.

ಕ್ವಾಯರ್ ಅಭ್ಯಾಸದಲ್ಲಿ ಅದೇ ಜಾಗ ತೊಡಕಾಯಿತು. ಸಂಗೀತ ಕಲಿತವರಿಗೆ ಸುಲಭ, ಕಿವಿಯಿಂದ ಹಾಡುವವರಿಗೆ ಆ ಬದಲಾವಣೆ ಹಿಡಿಯುವುದು ಕಷ್ಟ. ಅರ್ಧ ಜನ ಹಳೆಯ ಗಾಂಧಾರದಲ್ಲಿ, ಅರ್ಧ ಜನ ಹೊಸದರಲ್ಲಿ. ನಮ್ಮ ಕ್ವಾಯರ್ ನಡೆಸುವ ಟೀಚರಕ್ಕ ದಾರಿ ತೋರಿಸಿದರು: "ಚರಣ ಒಬ್ಬರೇ ಹಾಡ್ಲಿ. ಪಲ್ಲವಿಗೆ ಎಲ್ಲಾರೂ ಬರ್ಲಿ." ಕೀರ್ತನೆಗಳನ್ನು ಬಲಿಪೂಜೆಯಲ್ಲಿ ಹಾಡುವುದೇ ಹೀಗೆ, ಒಬ್ಬರು ಹೇಳಿ ಸಭೆ ಉತ್ತರಿಸುವುದು. ನೋವನ್ನು ಒಬ್ಬರು ಹೇಳಬೇಕು, ಭರವಸೆಯನ್ನು ಎಲ್ಲರೂ ಸೇರಿ ಹೇಳಬೇಕು. ಹಾಡಿಗೆ ಅದೇ ಸರಿಯಾದ ಆಕಾರ ಎಂದು ತಕ್ಷಣ ಗೊತ್ತಾಯಿತು. ಶ್ರುತಿ ಡಿ ಗೆ ನಿಲ್ಲಿಸಿದೆವು. ಕೆಳಗಿನ ಪಂಚಮದಿಂದ ಮೇಲಿನ ಷಡ್ಜ, ಅಷ್ಟೇ ವ್ಯಾಪ್ತಿ. ಅದಕ್ಕಿಂತ ಮೇಲೇರಿಸಿದರೆ ಬೆಂಚಿನಲ್ಲಿ ಕೂತವರು ಹಾಡುವುದು ಬಿಟ್ಟು ಕೇಳಲು ಶುರುಮಾಡುತ್ತಾರೆ.

ಎರಡನೇ ಚರಣ ತುಂಬ ತಡವಾಗಿ ಬಂತು. 2019ರಲ್ಲಿ ವಿರಾಜಪೇಟೆ ತಾಲ್ಲೂಕಿನ ತೋರದಲ್ಲೂ ಗುಡ್ಡ ಕುಸಿದಿತ್ತು, ಮರುವರ್ಷ ತಲಕಾವೇರಿಯ ಬ್ರಹ್ಮಗಿರಿಯಲ್ಲೂ. ಮಳೆ ಎಂದರೆ ಮಕ್ಕಳು ಹೆದರುವ ಹಾಗಾಗಿತ್ತು. ಆದರೆ ಕಾಫಿ ಬೆಳೆಯುವ ನಾಡಿಗೆ ಮಳೆ ಶತ್ರುವಾಗಲು ಸಾಧ್ಯವೇ? ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆ ಬೀಳದಿದ್ದರೆ ರೊಬಸ್ಟಾ ಹೂ ಬಿಡುವುದಿಲ್ಲ, ಕಾಯಿ ಕಟ್ಟುವುದಿಲ್ಲ, ಮುಂದಿನ ಕುಯ್ಲಿಗೆ ಕೆಲಸವೇ ಇರುವುದಿಲ್ಲ. ಮಳೆ ಬಿದ್ದ ಒಂದು ವಾರ, ಹತ್ತು ದಿನಕ್ಕೆ ಇಡೀ ತೋಟ ಬೆಳ್ಳಗಾಗಿ ಘಮ್ಮೆನ್ನುತ್ತದೆ. ಕೆಡವಿದ ಮಳೆಯೇ ಕಟ್ಟುವ ಮಳೆಯೂ ಹೌದು.

ಕಾಫಿಯ ಹೂವಾಗಿ ಮರಳುವ ಮಳೆಯಲ್ಲಿ
ಹೆದರುವ ನನ್ನನ್ನು ಹೆಸರಿಂದ ಕರೆಯುವೆ

ಇಷ್ಟಾದ ಮೇಲೆ ಫಾದರ್ ಮುಂದಿಟ್ಟೆ. ಇದನ್ನು ಹುಡುಗರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ, ಬಿಡಬಾರದು. ಎರಡನೇ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಹೊರಡಿಸಿದ ದೈವಾರಾಧನಾ ದಸ್ತಾವೇಜಿನಿಂದಲೇ ನಮಗೆ ಲ್ಯಾಟಿನ್ ಬದಲು ಕನ್ನಡದಲ್ಲಿ ಪೂಜೆ ಮಾಡುವ, ಹಾಡುವ ದಾರಿ ತೆರೆದದ್ದು. ಅದೇ ದಸ್ತಾವೇಜು, ಹಾಡಿನ ಸಾಹಿತ್ಯ ವಿಶ್ವಾಸಕ್ಕೆ ಹೊಂದಿಕೊಂಡಿರಬೇಕು, ಮುಖ್ಯವಾಗಿ ಪವಿತ್ರ ಗ್ರಂಥದಿಂದ ಬಂದಿರಬೇಕು ಎಂದೂ ಹೇಳುತ್ತದೆ. ಫಾದರ್ ಎರಡು ಸಲ ಓದಿದರು. ಪವಿತ್ರ ಗ್ರಂಥದ ಯಾವ ಭಾಗ ಎಂದು ಕೇಳಿದರು, ಹೇಳಿದೆ. ಮೊದಲು ಕುಟುಂಬ ಪ್ರಾರ್ಥನೆ, ಮೃತರ ಸ್ಮರಣೆ, ಶಿಲುಬೆ ಹಾದಿಯ ನಂತರ ಹೀಗೆ ಪೂಜೆಯ ಹೊರಗೆ ಹಾಡಿ, ಜನರ ಬಾಯಿಗೆ ಬರಲಿ, ಆಮೇಲೆ ಮೇಲಿನವರ ಒಪ್ಪಿಗೆ ಕೇಳೋಣ ಎಂದರು. ನಮ್ಮ ಕೊಡಗು ಮೈಸೂರು ಧರ್ಮಕ್ಷೇತ್ರಕ್ಕೆ ಸೇರಿದ್ದು. ಈಸ್ಟರಿಗೆ ಮುಂಚಿನ ತಪಸ್ಸು ಕಾಲದಲ್ಲಿ ಹಾಡಲು ತಕ್ಕದ್ದು ಎಂದು ಫಾದರೇ ಬರೆದುಕೊಟ್ಟರು.

ಆ ವರ್ಷ ಎಸ್ಟೇಟಿನ ಬೋನಸ್ ಬಂದಾಗ ಅದನ್ನು ರೆಕಾರ್ಡಿಂಗ್‌ಗೆ ತೆಗೆದಿಟ್ಟೆ. ಮೈಸೂರಿನಲ್ಲಿ ಸಣ್ಣ ಸ್ಟುಡಿಯೊ. ಗೋಣಿಕೊಪ್ಪ, ತಿತಿಮತಿ, ಹುಣಸೂರು ದಾಟಿ ಬಸ್ಸಿನಲ್ಲಿ ಹೋಗುವಾಗ ದಾರಿಯುದ್ದಕ್ಕೂ ಗುನುಗುತ್ತಿದ್ದೆ. ಸ್ಟುಡಿಯೊ ಕೆಲಸದ ಕ್ರಮ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮೊದಲು ಹಾಡಿನ ವೇಗ ಗಟ್ಟಿ ಮಾಡುತ್ತಾರೆ. ನಂತರ ಬರೀ ಕೀಬೋರ್ಡ್ ಇಟ್ಟುಕೊಂಡು ಅಂದಾಜಿಗೆ ಪೂರ್ತಿ ಹಾಡನ್ನು ಹಾಡಿಸಿಕೊಳ್ಳುತ್ತಾರೆ, ಅದಕ್ಕೆ ಡಮ್ಮಿ ಅಥವಾ ಸ್ಕ್ರ್ಯಾಚ್ ಅನ್ನುತ್ತಾರೆ. ಕಿವಿಯಲ್ಲಿ ಟಿಕ್ ಟಿಕ್ ಎಂದು ತಾಳ ಬಡಿಯುತ್ತಿರುತ್ತದೆ. ಆ ಡಮ್ಮಿಯ ಮೇಲೆ ಒಂದೊಂದೇ ವಾದ್ಯ ಏರುತ್ತದೆ, ಕೊನೆಗೆ ನಿಜವಾದ ಗಾಯನ ಬಂದಾಗ ಡಮ್ಮಿಯನ್ನು ಅಳಿಸುತ್ತಾರೆ. ಗಿಟಾರು, ಕೊಳಲು, ಹಿನ್ನೆಲೆಗೆ ಮೆಲುದನಿಯ ಕೀಬೋರ್ಡ್, ಅಷ್ಟೇ ಸಾಕು ಎಂದೆ. ತಾಳವಾದ್ಯ ಬೇಡವೆಂದೆ. ಮೂರು ಮೂರರ ನಡೆ ಸಾಹಿತ್ಯದಲ್ಲೇ ಇತ್ತು.

ಸ್ಟುಡಿಯೊದ ಹುಡುಗ ಬಹಳ ಪ್ರತಿಭಾವಂತ, ಕೆಲಸದ ಮೇಲೆ ಪ್ರೀತಿ ಇಟ್ಟವನು. ಹಾಡಿನ ಶುರುವಿಗೆ ಗುಡುಗು, ಭೋರ್ಗರೆವ ಮಳೆ, ಮಣ್ಣು ಕುಸಿಯುವ ಸದ್ದು ಹಾಕಿ ಕೇಳಿಸಿದ. "ಸರ್, ಕೇಳೋರಿಗೆ ಮೈ ನಡುಗ್ಬೇಕು" ಎಂದ. ನಿಜಕ್ಕೂ ನಡುಗಿತು. ನಾನು ಬೇಡ ಎಂದೆ. ಆ ಸದ್ದನ್ನು ನಿಜವಾಗಿ ಕೇಳಿದವರು ನಮ್ಮೂರಿನಲ್ಲಿದ್ದಾರೆ, ರಾತ್ರಿ ತಗಡಿನ ಮೇಲೆ ಮಳೆ ಜೋರಾದರೆ ಎದ್ದು ಕೂರುವವರಿದ್ದಾರೆ, ಹಾಡು ಅವರ ಎದೆ ನಡುಗಿಸಬಾರದು ಎಂದು ವಿವರಿಸಿದೆ. ಅವನು ಒಂದು ಕ್ಷಣವೂ ವಾದ ಮಾಡದೆ ಅಳಿಸಿದ. ಈಗ ಹಾಡು ಒಂದೇ ಕೊಳಲಿನ ಸ್ವರದಿಂದ ಶುರುವಾಗುತ್ತದೆ.

ಒಂಟಿ ಚರಣವನ್ನು ಟೀಚರಕ್ಕ ಹಾಡಿದರು. ಹೆಡ್‌ಫೋನಿನಲ್ಲಿ ತಮ್ಮದೇ ಧ್ವನಿ ಕೇಳಿ ಮೊದಲು ಮುದುಡಿದರು, ಒಂದು ಕಿವಿಯ ಮೇಲಿಂದ ಸರಿಸಿಕೊಂಡ ಮೇಲೆ ಸಲೀಸಾಯಿತು. ಪಲ್ಲವಿಯ ಸಮೂಹಗಾನ ಮಾತ್ರ ಸ್ಟುಡಿಯೊದಲ್ಲಿ ಬೇಡ ಎನ್ನಿಸಿತು. ಪೇಟೆಯ ಗಾಯಕರು ಸೊಗಸಾಗಿ ಹಾಡುತ್ತಾರೆ, ಆದರೆ ಈ ಮಾತು ನಮ್ಮವರ ಬಾಯಿಂದಲೇ ಬರಬೇಕಿತ್ತು. ಮಳೆಗಾಲ ಮುಗಿದು ಕುಯ್ಲು ಶುರುವಾಗುವ ನಡುವೆ ನಮ್ಮಲ್ಲಿ ಸ್ವಲ್ಪ ಬಿಡುವಿರುತ್ತದೆ. ಆ ಹೊತ್ತಿಗೆ ಹುಡುಗ ಮೈಕು, ಲ್ಯಾಪ್‌ಟಾಪ್ ಹೊತ್ತುಕೊಂಡು ನಮ್ಮ ಚರ್ಚಿಗೇ ಬಂದ. ಫ್ಯಾನು ನಿಲ್ಲಿಸಿ, ಕಿಟಕಿ ಮುಚ್ಚಿ, ತೋಟದ ಕೆಲಸ ಮುಗಿಸಿ ಬಂದ ಹೆಂಗಸರು, ಮೇಸ್ತ್ರಿಗಳು, ಶಾಲಾ ಮಕ್ಕಳು ಎಲ್ಲರನ್ನೂ ಅರ್ಧ ವೃತ್ತದಲ್ಲಿ ನಿಲ್ಲಿಸಿದೆವು. ತಮಿಳಿನ ಒತ್ತು, ಮಲಯಾಳದ ಎಳೆತ, ಕೊಂಕಣಿಯ ತಿರುವು ಎಲ್ಲ ಹಾಗೇ ಕೇಳುತ್ತವೆ. ಮಿಕ್ಸಿಂಗ್‌ನಲ್ಲಿ ಶ್ರುತಿ ತಿದ್ದುವ ಯಂತ್ರವನ್ನು ಆ ಧ್ವನಿಗಳ ಮೇಲೆ ಹಾಕಬೇಡ ಎಂದು ಕೇಳಿಕೊಂಡೆ. ಇಡೀ ರೆಕಾರ್ಡಿಂಗ್‌ನಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಅದೇ.

ಹಕ್ಕುಗಳ ವಿಚಾರ ಒಣ ಎನ್ನಿಸಬಹುದು, ಆದರೆ ಬರೆಯುವ ಹುಡುಗರು ತಿಳಿದಿರಲೇಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಹಾಡಿನ ಮಾತು ಒಂದು ಕೃತಿ, ರಾಗ ಇನ್ನೊಂದು ಕೃತಿ, ರೆಕಾರ್ಡಿಂಗ್ ಮೂರನೆಯದು. ಮೂರಕ್ಕೂ ಒಡೆಯರು ಬೇರೆ ಬೇರೆ ಇರಬಹುದು. ಬರೆದ ಕ್ಷಣದಿಂದಲೇ ಹಕ್ಕು ಹುಟ್ಟುತ್ತದೆ, ನೋಂದಣಿ ಕಡ್ಡಾಯವಲ್ಲ. ಬರೆದವರ ಜೀವಮಾನ, ಆಮೇಲೆ 60 ವರ್ಷ ಅದು ಉಳಿಯುತ್ತದೆ. 2012ರ ತಿದ್ದುಪಡಿ ಆದ ಮೇಲೆ, ಧ್ವನಿಮುದ್ರಣಕ್ಕೆ ಹಾಡು ಕೊಟ್ಟವರು ತಮ್ಮ ರಾಯಧನದ ಪಾಲನ್ನು ವಾರಸುದಾರರಿಗೆ ಅಥವಾ ಹಕ್ಕುಗಳ ಸಂಘಕ್ಕೆ ಬಿಟ್ಟು ಬೇರೆ ಯಾರಿಗೂ ಬರೆದುಕೊಡುವಂತಿಲ್ಲ. ಆಡಿಯೊ ಸಂಸ್ಥೆಯೊಂದು ಎಲ್ಲವನ್ನೂ ಬರೆಸಿಕೊಳ್ಳುವ ಪತ್ರ ತಂದಾಗ ನಾನು ಸಹಿ ಹಾಕಲಿಲ್ಲ. ಗೀತರಚನಕಾರರ, ಸಂಗೀತ ಸಂಯೋಜಕರ ಪರವಾಗಿ ರಾಯಧನ ಸಂಗ್ರಹಿಸಲು ಐಪಿಆರ್‌ಎಸ್ ಇದೆ, 1969ರಿಂದ ಇರುವ ಸಂಘ. ರೆಕಾರ್ಡಿಂಗ್‌ಗೆ ಐಎಸ್‌ಆರ್‌ಸಿ ಎಂಬ 12 ಅಕ್ಷರ, ಅಂಕಿಗಳ ಗುರುತು ಸಿಗುತ್ತದೆ. ಹಾಡನ್ನು ಆನ್‌ಲೈನ್‌ಗೆ ಏರಿಸುವಾಗ ಸಾಹಿತ್ಯ ಯಾರದು, ಸಂಗೀತ ಯಾರದು, ಕೊಳಲು ಯಾರದು ಎಂದು ತಪ್ಪದೆ ತುಂಬಬೇಕು. ಕೊಳಲಿನವರ ಹೆಸರು ಬಿಟ್ಟು ಹಾಡು ಬಿಡುಗಡೆ ಮಾಡುವುದು ಅನ್ಯಾಯ.

ಚರ್ಚುಗಳಿಂದ ದುಡ್ಡು ಪಡೆಯುವುದು ಮಾತ್ರ ನನಗೆ ಒಪ್ಪಿಗೆಯಿರಲಿಲ್ಲ. ಅಮೆರಿಕದಲ್ಲಿ ಹಾಡಿನ ಸಾಹಿತ್ಯವನ್ನು ಪರದೆಯ ಮೇಲೆ ತೋರಿಸಲು, ಪ್ರತಿ ಮಾಡಲು ಚರ್ಚುಗಳು ಪರವಾನಗಿ ಪಡೆಯುತ್ತವೆ, ಅದಕ್ಕಾಗಿ 1988ರಲ್ಲಿ ಸಿಸಿಎಲ್‌ಐ ಎಂಬ ಸಂಸ್ಥೆಯೇ ಹುಟ್ಟಿತು. ಹಾಡಿನಿಂದಲೇ ಬದುಕುವವರಿಗೆ ಅದು ನ್ಯಾಯವಾದ ವ್ಯವಸ್ಥೆ, ನಾನು ತಪ್ಪೆನ್ನಲಾರೆ. ನಮ್ಮ ಕಾಯ್ದೆಯ 52ನೇ ಕಲಂ, ನಿಜವಾದ ಧಾರ್ಮಿಕ ಸಮಾರಂಭದಲ್ಲಿ ಹಾಡುವುದನ್ನು ಹಕ್ಕುಭಂಗ ಎಂದು ಎಣಿಸುವುದಿಲ್ಲ. ಪೂಜೆಯಲ್ಲಿ ಹಾಡಲು ಯಾರೂ ನನ್ನನ್ನು ಕೇಳಬೇಕಾಗಿಯೇ ಇಲ್ಲ. ನಾನು ಇನ್ನೂ ಸ್ವಲ್ಪ ಮುಂದೆ ಹೋಗಿ ಸಾಹಿತ್ಯ, ಸ್ವರಲಿಪಿ, ಗಾಯನವಿಲ್ಲದ ಟ್ರ್ಯಾಕ್ ಎಲ್ಲವನ್ನೂ ಚರ್ಚುಗಳಿಗೆ ಉಚಿತವಾಗಿ ಕೊಟ್ಟೆ. ಕೇಳುವ ತಾಣಗಳಿಂದ ಬರುವ ಅಷ್ಟಿಷ್ಟು ರಾಯಧನ ಬೇರೆ ಖಾತೆಗೆ ಹೋಗುತ್ತದೆ, ಅದನ್ನು ಟೀಚರಕ್ಕ ನೋಡಿಕೊಳ್ಳುತ್ತಾರೆ, ಮಳೆಗಾಲದಲ್ಲಿ ಯಾರಿಗಾದರೂ ಬೇಕಾದಾಗ ತೆಗೆಯುತ್ತಾರೆ. ನನಗೆ ಎಸ್ಟೇಟಿನ ಸಂಬಳ ಇದೆ. ಇಂಡಿಯಾನದ ಆ ಹಾಡುಗಾರನ ಬದುಕು ಕೇಳಿರದಿದ್ದರೆ ಈ ದಾರಿ ನನಗೆ ಹೊಳೆಯುತ್ತಿತ್ತೋ ಇಲ್ಲವೋ.

ಹಾಡು ಹರಡಿದ್ದು ನಿಧಾನವಾಗಿ, ವಾಟ್ಸ್‌ಆ್ಯಪ್‌ನಲ್ಲಿ, ಕ್ವಾಯರ್‌ನಿಂದ ಕ್ವಾಯರ್‌ಗೆ. ವಿರಾಜಪೇಟೆಯ ಸಂತ ಅನ್ನಮ್ಮನವರ ಚರ್ಚಿನ ಮುಂದೆ ಹಾದುಹೋಗುವಾಗೆಲ್ಲ ನನಗೆ ಒಂದು ವಿಚಾರ ಬರುತ್ತದೆ. ಟಿಪ್ಪುವಿನ ಸೆರೆಯಿಂದ ಪಾರಾಗಿ ಬಂದ ಕ್ರೈಸ್ತರಿಗೆ ಕೊಡಗಿನ ಅರಸ ದೊಡ್ಡವೀರರಾಜೇಂದ್ರ ಇಲ್ಲಿ ನೆಲೆ ಕೊಟ್ಟ, 1792ರಲ್ಲಿ ಆ ಚರ್ಚು ಎದ್ದಿತು. ಮನೆ ಕಳೆದುಕೊಂಡು ಬಂದವರೇ ಕೊಡಗಿನ ಕ್ರೈಸ್ತ ಸಮುದಾಯದ ಬುಡ. ಅವರ ನೋವಿನ ಹಾಡು ಒಂದಾದರೂ ನಮಗೆ ಉಳಿದುಬಂದಿದ್ದರೆ ಎಷ್ಟು ಚೆನ್ನಾಗಿತ್ತು.

ಈಗ ಹಾಡು ನನ್ನ ಕೈಯಲ್ಲಿ ಇಲ್ಲ. ಪಕ್ಕದ ಧರ್ಮಕೇಂದ್ರದ ತಮಿಳು ಗುಂಪು ಪಲ್ಲವಿಯನ್ನು ಕನ್ನಡದಲ್ಲೇ ಇಟ್ಟುಕೊಂಡು ಚರಣಗಳನ್ನು ತಮಿಳಿನಲ್ಲಿ ಬರೆದುಕೊಂಡಿದೆ. ಅವರ ಚರಣದಲ್ಲಿ ಬೀಗದ ಕೈ ಇಲ್ಲ, ಕೆಸರಿನಲ್ಲಿ ಸಿಕ್ಕ ಮಗುವಿನ ಶಾಲಾಚೀಲ ಇದೆ. ಅದು ಅವರು ಕಂಡದ್ದು. ಕೇಳಿದಾಗ ನನ್ನದಕ್ಕಿಂತ ಗಟ್ಟಿ ಅನ್ನಿಸಿತು. ಜಂಬೂರಿನ ಅಕ್ಕನಿಗೆ ರೆಕಾರ್ಡಿಂಗ್ ಕೇಳಿಸಿದಾಗ, ಟೀಚರಕ್ಕ ಹಾಡಿರುವುದು ಸ್ವಲ್ಪ ನಿಧಾನ, ಅಡುಗೆ ಮಾಡುತ್ತಾ ಹಾಡಲು ಆಗುವುದಿಲ್ಲ ಎಂದರು. ಹೇಳಿದ್ದು ಸರಿ. ಆದ್ದರಿಂದ ಹಾಡಲು ಎತ್ತಿಕೊಳ್ಳುವ ಕ್ವಾಯರ್‌ಗಳಿಗೆ ಹೇಳುತ್ತೇನೆ: ರೆಕಾರ್ಡಿಂಗ್‌ನ ವೇಗಕ್ಕೆ ಕಟ್ಟುಬೀಳಬೇಡಿ, ಒಂದು ಚೂರು ಮುಂದಕ್ಕೆ ನಡೆಸಿ. ಶ್ರುತಿ ಡಿ ಕಷ್ಟವಾದರೆ ಸಿ ಗೆ ಇಳಿಸಿ. ಚರಣವನ್ನು ಒಬ್ಬರೇ ಹಾಡಲಿ, ಧ್ವನಿ ಚೆನ್ನಾಗಿರುವವರೇ ಆಗಬೇಕೆಂದಿಲ್ಲ. ನಿಮ್ಮೂರಿನಲ್ಲಿ ಆದದ್ದೇ ಬೇರೆಯಾಗಿದ್ದರೆ ನಿಮ್ಮದೇ ಚರಣ ಬರೆದುಕೊಳ್ಳಿ, ಸಾಲಿಗೆ 18 ಮಾತ್ರೆ ಇರಲಿ.